ತಪ್ಪಾಗಲಾರದು

ಹೋದ ಭಾನುವಾರ ಅಕ್ಕನ ಮಗ ಮನೆಗೆ ಬಂದಿದ್ದ. ಬಿ.ಕಾಂ. ಮೊದಲ ವರ್ಷ. ಊಟದ ಟೇಬಲ್ ಮೇಲೆ ಮೂರು ಬಗೆಯ ಪೆನ್ನು ಇಟ್ಟುಕೊಂಡು ಏನೋ ಬರೆಯುತ್ತಿದ್ದ. ಒಂದು ಸಾಲು ಬರೆಯುವುದು, ಅದನ್ನು ಹೊಡೆದುಹಾಕುವುದು, ಮೇಲೆ ಇನ್ನೊಂದು ಸಾಲು ಚಿಕ್ಕದಾಗಿ ತುರುಕುವುದು. ಪರವಾಗಿಲ್ಲ, ಹುಡುಗ ಯೋಚನೆ ಮಾಡಿ ಬರೀತಾನೆ ಅಂತ ಸಂತೋಷಪಟ್ಟೆ. ಅಷ್ಟರಲ್ಲಿ ಅವನು ಕಾಫಿ ಲೋಟವನ್ನು ಎತ್ತಿ ಹಾಳೆಯ ಮೂಲೆಗೆ ಬೇಕಂತಲೇ ಒತ್ತಿ, ಕಲೆ ಸರಿಯಾಗಿ ಬಂತಾ ಅಂತ ಬಗ್ಗಿ ನೋಡಿದ. ನನಗೆ ಅನುಮಾನ ಬಂತು.

"ಏನೋ ಅದು?"

"ಫಸ್ಟ್ ಡ್ರಾಫ್ಟ್, ಮಾವ."

"ಮತ್ತೆ ಪಕ್ಕದಲ್ಲಿರೋದು?"

"ಅದು ಫೈನಲ್. ನಿನ್ನೇನೇ ಮುಗೀತು."

ವಿಷಯ ಇಷ್ಟು. ಅವರ ಕನ್ನಡ ಮೇಡಂ 'ಓದುವ ಹವ್ಯಾಸದ ಮಹತ್ವ' ಅಂತ ಒಂದು ಪ್ರಬಂಧ ಕೊಟ್ಟಿದ್ದಾರೆ. ಈಗಿನ ಹುಡುಗರು ಎಲ್ಲವನ್ನೂ ಕಂಪ್ಯೂಟರ್ ಕೈಲಿ ಬರೆಸಿಕೊಂಡು ಬರುತ್ತಾರಲ್ಲ, ಅದಕ್ಕೇ ಎರಡು ಕರಡು ಮತ್ತು ಒಂದು ಅಂತಿಮ ಪ್ರತಿ, ಮೂರನ್ನೂ ಕೈಯಲ್ಲೇ ಬರೆದು ಪಿನ್ ಹೊಡೆದು ಕೊಡಬೇಕಂತೆ. ತಿದ್ದಿದ್ದು ಕಾಣಬೇಕಂತೆ. ನಮ್ಮ ಹುಡುಗ ಒಂದೇ ಏಟಿಗೆ ಅಂತಿಮ ಪ್ರತಿ ಬರೆದು, ಈಗ ಅಲ್ಲಿಂದ ಹಿಂದಕ್ಕೆ ನಡೆಯುತ್ತಿದ್ದಾನೆ. ಎರಡನೇ ಕರಡಿಗೆ ಸ್ವಲ್ಪ ತಪ್ಪು, ಮೊದಲನೆಯದಕ್ಕೆ ಜಾಸ್ತಿ ತಪ್ಪು.

ಬೈಯಬೇಕಿತ್ತು. ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತೆ. ಬರೆದದ್ದನ್ನು ತಿದ್ದುವುದರ ಬಗ್ಗೆ ನನಗೆ ಒಂದು ಮುಖ್ಯವಾದ ವಿಚಾರ ಗೊತ್ತು, ಅದನ್ನು ಅವನಿಗೆ ಹೇಳೋಣ ಅಂತಲೇ ಕೂತಿದ್ದು. ಅದನ್ನು ನಿಮಗೂ ಹೇಳುತ್ತೇನೆ, ಸ್ವಲ್ಪ ತಡೆಯಿರಿ.

ಮೊದಲು ಅವನ ಅಂತಿಮ ಪ್ರತಿ ಓದಿದೆ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಮೂರಕ್ಕೂ ಸ್ಕೇಲ್ ಇಟ್ಟು ಅಡಿಗೆರೆ. ಪೀಠಿಕೆಯ ಮೊದಲ ಸಾಲು 'ದೇಶ ಸುತ್ತು, ಕೋಶ ಓದು'. ಎರಡನೇ ಸಾಲಿನ ಕೊನೆಗೆ 'ಎಂದರೆ ತಪ್ಪಾಗಲಾರದು'. ನನ್ನ ಎದೆ ಝಲ್ ಅಂದಿತು. ನಮ್ಮ ಕಾಲದಿಂದ ಒಂದು ಅಕ್ಷರವೂ ಅಲ್ಲಾಡಿಲ್ಲ. ಕಂಪ್ಯೂಟರ್ ಬಂದು ಏನೂ ಕೆಡಿಸಿಲ್ಲ ಬಿಡಿ, ನಾವೇ ಮೊದಲಿನಿಂದ ಹಾಗೆ ಬರೆಯುತ್ತಿದ್ದೆವು.

ಈ 'ತಪ್ಪಾಗಲಾರದು' ಅನ್ನುವುದನ್ನು ನನಗೆ ಬಿಡಿಸಿದವರು ನಮ್ಮ ಡಿಗ್ರಿ ಕಾಲೇಜಿನ ಕನ್ನಡ ಮೇಷ್ಟ್ರು. ಗುರುವಾರ ಮಧ್ಯಾಹ್ನ ಊಟ ಆದ ಮೇಲಿನ ಪೀರಿಯಡ್, ಪ್ರಬಂಧ ರಚನೆ. ಅರ್ಧ ಕ್ಲಾಸು ತೂಕಡಿಸುತ್ತಿತ್ತು. 'ಗ್ರಂಥಾಲಯದ ಮಹತ್ವ' ಬರೆಸಿದ್ದರು. ನಾನು ಎರಡು ಪುಟದಲ್ಲಿ ನಾಲ್ಕು ಸಲ ತಪ್ಪಾಗಲಾರದು ಅಂದಿದ್ದೆ. ನಾಲ್ಕರ ಕೆಳಗೂ ಕೆಂಪು ಇಂಕಿನಲ್ಲಿ 'ಆಗುತ್ತದೆ' ಅಂತ ಬರೆದಿದ್ದರು. ಆಮೇಲೆ ನನ್ನನ್ನು ಎಬ್ಬಿಸಿ ನಿಲ್ಲಿಸಿ, "ಲೈಬ್ರರಿ ಜ್ಞಾನದೇಗುಲ ಅಂತ ಬರೆದಿದ್ದೀಯಲ್ಲಪ್ಪ, ನಮ್ಮೂರ ಲೈಬ್ರರಿ ಬಾಗಿಲು ಯಾವ ಕಡೆಗಿದೆ ಹೇಳು" ಅಂದರು. ನನಗೆ ಗೊತ್ತಿರಲಿಲ್ಲ. "ಹೋಗಿ ಒಂದು ವಾರ ಕೂತು ಬಾ. ಆಮೇಲೆ ಬರಿ."

ಹೋದೆ. ಬಾಗಿಲು ಸಂತೆ ಮೈದಾನದ ಕಡೆಗಿತ್ತು. ಶಾಖಾ ಗ್ರಂಥಾಲಯ, ಒಂದು ಉದ್ದನೆಯ ಕೋಣೆ, ಮಿಣುಕುವ ಟ್ಯೂಬ್‌ಲೈಟು, ಮಧ್ಯೆ ಪೇಪರ್ ಓದುವ ಟೇಬಲ್ಲು. ಪುಸ್ತಕದ ಬೀರುಗಳಿಗೆ ಬೀಗ. ಬಂದವರೆಲ್ಲ ಪೇಪರಿಗೇ ಬಂದವರು. ಪೇಪರ್ ಬಂದ ಕೂಡಲೇ ಹಬ್ಬದ ಹೋಳಿಗೆ ಹಂಚಿದ ಹಾಗೆ ಹಾಳೆ ಹಾಳೆಯಾಗಿ ಹಂಚಿಹೋಗುತ್ತಿತ್ತು. ಕ್ರೀಡಾಪುಟ ಒಬ್ಬರ ಕೈಲಿ, ಜಿಲ್ಲಾ ಸುದ್ದಿ ಇನ್ನೊಬ್ಬರ ಕೈಲಿ. ಒಬ್ಬರು ಬಂದವರೇ ಶ್ರದ್ಧಾಂಜಲಿ ಜಾಹೀರಾತು ಹಿಡಿದು, ಗುರುತಿನವರ ಫೋಟೋ ಸಿಕ್ಕರೆ "ಓ, ಇವನೂ ಹೋದ" ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದರು.

ಇವರ ನಡುವೆ ಕಚ್ಚೆಪಂಚೆ ಉಟ್ಟ, ಕೊಡೆ ಹಿಡಿದ ಒಬ್ಬ ರಿಟೈರ್ಡ್ ಯಜಮಾನರು. ಅವರಿಗೆ ಸಂಪಾದಕೀಯದ ಹಾಳೆಯೂ ಬೇಕು, ಪದಬಂಧದ ಹಾಳೆಯೂ ಬೇಕು. ಆದರೆ ಒಂದು ಸಲಕ್ಕೆ ಒಬ್ಬರಿಗೆ ಒಂದೇ ಹಾಳೆ ಅಂತ ಅಲ್ಲಿ ಬಾಯಿಮಾತಿನ ಕಾನೂನು. ಅದಕ್ಕೆ ಯಜಮಾನರು ಒಂದನ್ನು ಓದುತ್ತಿದ್ದರು, ಇನ್ನೊಂದರ ಮೇಲೆ ಕೂರುತ್ತಿದ್ದರು. ನಾಲ್ಕು ಮಡಿಕೆ ಮಾಡಿ, ಕುರ್ಚಿಯ ಮೇಲಿಟ್ಟು, ಪಂಚೆ ಸರಿಮಾಡಿಕೊಂಡು, ಮರ್ಯಾದಸ್ಥರ ಹಾಗೆ. ಎಲ್ಲರಿಗೂ ಗೊತ್ತು. ಎದ್ದೇಳಿ ಅನ್ನುವ ಧೈರ್ಯ ಯಾರಿಗೂ ಇಲ್ಲ.

ನಾನು ಹೋದ ನಾಲ್ಕನೇ ದಿನ ಕರೆಂಟು ಹೋಯಿತು. ಯಜಮಾನರು, ಹಿರಿಯರಲ್ಲವೇ, ಫ್ಯೂಸು ನೋಡೋಣ ಅಂತ ಎದ್ದು ಬಾಗಿಲ ಹತ್ತಿರ ಹೋದರು. ಎರಡೇ ನಿಮಿಷ. ವಾಪಸ್ಸು ಬಂದು ಕೂತರು. ಕೂತವರು ಒಂದು ಸಲ ಅತ್ತ ಇತ್ತ ಸರಿದರು. ಎದ್ದು ಕುರ್ಚಿ ಮುಟ್ಟಿ ನೋಡಿದರು. ಆಮೇಲೆ ಶುರುವಾಯಿತು ನೋಡಿ. "ಯಾರ್ರೀ ಅದು ನನ್ನ ಹಾಳೆ ತಗೊಂಡಿದ್ದು?" "ನಿಮ್ಮದಾ? ಸರ್ಕಾರದ್ದಲ್ವಾ?" "ಬಿಸಿಯಾಗಿತ್ತು, ಅದಕ್ಕೇ ಆರೋಕೆ ಬಿಟ್ವಿ." ಲೈಬ್ರರಿಯವರು ರಿಜಿಸ್ಟರ್ ಎತ್ತಿ ಟೇಬಲ್ಲಿಗೆ ಬಡಿದರು, ಅಷ್ಟು ಧೂಳು ನಾನು ಹಿಟ್ಟಿನ ಗಿರಣಿಯಲ್ಲೂ ನೋಡಿರಲಿಲ್ಲ. ಯಜಮಾನರು ಕೊಡೆ ತಗೊಂಡು, "ನಾಳೆಯಿಂದ ಮನೆಗೇ ಪೇಪರ್ ಹಾಕಿಸ್ಕೋತೀನಿ, ಈ ಕಡೆ ತಲೆ ಹಾಕಿ ಮಲಗಲ್ಲ" ಅಂತ ಹೊರಟುಹೋದರು. ಮಾರನೇ ದಿನ ನಾನು ಹೋಗುವಷ್ಟರಲ್ಲಿ ಅವರು ಬೀಗದ ಮುಂದೆ ನಿಂತಿದ್ದರು. ಒಂದು ಸಣ್ಣ ದಿಂಬು ತಂದಿದ್ದರು. ಅದಕ್ಕೆ ಗವಸು ಇತ್ತು. ಹಾಳೆ ಹೋಗುವಷ್ಟು ಅಗಲದ ಗವಸು.

ಇದನ್ನೆಲ್ಲ ಎಂಟು ಪುಟ ಬರೆದೆ. ಮೇಷ್ಟ್ರು ಮೊದಲು ಪೀಠಿಕೆ ತೆಗೆಸಿದರು. ಎರಡನೇ ಸಲ ಗಾದೆ ತೆಗೆಸಿದರು. ಮೂರನೇ ಸಲ ಶ್ರದ್ಧಾಂಜಲಿಯವರನ್ನು ತೆಗೆಸಿದರು, ಅದು ನನಗೆ ಸ್ವಲ್ಪ ನೋವಾಯಿತು. ನಾಲ್ಕನೇ ಸಲ ಕೊಟ್ಟಾಗ ಹತ್ತಕ್ಕೆ ಐದು ಹಾಕಿ, ಕೆಳಗೆ ಬರೆದರು: 'ಚೆನ್ನಾಗಿದೆ. ಆದರೆ ಗ್ರಂಥಾಲಯದ ಮಹತ್ವ ಎಲ್ಲಿ?'

ಮಹತ್ವ ಎಲ್ಲಿ! ಕಳಿಸಿದವರು ಯಾರು ಸ್ವಾಮಿ? ಜ್ಞಾನದೇಗುಲ ಅಂತ ನೆಮ್ಮದಿಯಾಗಿ ಬರೆದುಕೊಂಡಿದ್ದವನನ್ನು ಎಬ್ಬಿಸಿ ಸಂತೆ ಮೈದಾನಕ್ಕೆ ಓಡಿಸಿದವರು ಯಾರು? ಹಿಂದಿನ ಬೆಂಚಿನವನೊಬ್ಬ ಲೈಬ್ರರಿಯ ಮಹತ್ವವನ್ನು ಒಂದರಿಂದ ಹತ್ತರವರೆಗೆ ನಂಬರ್ ಹಾಕಿ ಬರೆದು ಎಂಟು ಮಾರ್ಕ್ಸ್ ತಗೊಂಡ. ಮೂವತ್ತು ವರ್ಷ ಆಯಿತು. ಅವನ ಮೇಲೆ ಸಿಟ್ಟಿಲ್ಲ ಅಂತ ಹೇಳಿದರೆ ಅದು ಮಾತ್ರ ಖಂಡಿತ ತಪ್ಪಾಗುತ್ತದೆ.

ಅದೇ ಮೇಷ್ಟ್ರು ಮೊಂಟೇನ್ ಬಗ್ಗೆಯೂ ಹೇಳುತ್ತಿದ್ದರು. ಫ್ರಾನ್ಸಿನವನು, 1580ರಲ್ಲಿ ತನ್ನ ಪ್ರಬಂಧಗಳನ್ನು ಅಚ್ಚು ಹಾಕಿಸಿದ, ಅವುಗಳಿಗೆ ಅವನಿಟ್ಟ ಹೆಸರಿಗೆ 'ಪ್ರಯತ್ನ' ಅಂತ ಅರ್ಥ, 1588ರಲ್ಲಿ ದೊಡ್ಡದು ಮಾಡಿ ಮತ್ತೆ ಹಾಕಿಸಿದ, 1592ರಲ್ಲಿ ಸಾಯುವವರೆಗೂ ತನ್ನ ಪ್ರತಿಯ ಅಂಚಿನಲ್ಲಿ ಬರೆಯುತ್ತಲೇ ಇದ್ದ. "ತಿದ್ದೋದು ಅಂದ್ರೆ ಹಾಗೆ ಕಣಯ್ಯ" ಅನ್ನುತ್ತಿದ್ದರು. ಎಷ್ಟೋ ವರ್ಷದ ಮೇಲೆ ನನಗೆ ಗೊತ್ತಾಯಿತು, ಆ ಪುಣ್ಯಾತ್ಮ ಅಂಚಿನಲ್ಲಿ ಹೆಚ್ಚಾಗಿ ಸೇರಿಸಿದ್ದೇ ಹೊರತು ತೆಗೆದದ್ದು ಕಡಿಮೆ. ಶ್ರದ್ಧಾಂಜಲಿಯವರು ಅವನ ಪ್ರಬಂಧದಲ್ಲಿದ್ದಿದ್ದರೆ ಉಳಿಯುತ್ತಿದ್ದರು. ಪಕ್ಕದಲ್ಲಿ ಇನ್ನಿಬ್ಬರು ಬಂದು ಕೂರುತ್ತಿದ್ದರು.

ಈಗ ವರ್ಷಕ್ಕೊಮ್ಮೆ ಮನೆ ಕಂದಾಯ ಕಟ್ಟುವಾಗ ಅದರ ಜೊತೆ ಶೇಕಡ 6 ಗ್ರಂಥಾಲಯ ಕರ ಅಂತ ಸೇರಿರುತ್ತದೆ. 1965ರಲ್ಲಿ, ನಮ್ಮದಿನ್ನೂ ಮೈಸೂರು ರಾಜ್ಯವಾಗಿದ್ದಾಗ, ಗ್ರಂಥಾಲಯಕ್ಕೆ ಅಂತಲೇ ಮಾಡಿದ ಕಾಯ್ದೆಯ ಕೊಡುಗೆ ಅದು. ಎಲ್ಲರೂ ಗೊಣಗುತ್ತಾರೆ. ನಾನು ಮಾತ್ರ ಆ ಸಾಲು ಬಂದಾಗ ದಿಂಬು ನೆನೆಸಿಕೊಂಡು ಸುಮ್ಮನೆ ಕಟ್ಟುತ್ತೇನೆ.

ಎಲ್ಲಿದ್ದೆ? ಹುಡುಗನ ಕರಡು. ಇಬ್ಬರೂ ಸೇರಿ ಕೆಲಸ ಮಾಡಿದೆವು. 'ವಿದ್ಯಾರ್ಥಿ'ಯನ್ನು 'ವಿಧ್ಯಾರ್ಥಿ' ಮಾಡಿದೆವು. 'ಅಭ್ಯಾಸ'ದ ಹೊಟ್ಟೆ ಸೀಳಿದ ಗೆರೆ ತೆಗೆದೆವು. ಎರಡು ಪ್ಯಾರಾ ಹಿಂದೆ ಮುಂದೆ ಮಾಡಿ ಬಾಣದ ಗುರುತು ಹಾಕಿದೆವು. ನಿಜವಾಗಿ ತಿದ್ದುವುದಕ್ಕಿಂತ ಇದಕ್ಕೆ ಜಾಸ್ತಿ ಹೊತ್ತು ಹಿಡಿಯಿತು. ಇಷ್ಟಾದರೂ ಅವನಿಗೆ ಸಮಾಧಾನವಿಲ್ಲ. "ಮಾವ, ಫಸ್ಟ್ ಡ್ರಾಫ್ಟಲ್ಲಿ ಒಂದು ಪ್ಯಾರಾ ಪೂರ್ತಿ ವೇಸ್ಟ್ ಇರಬೇಕು. ಸೆಕೆಂಡಲ್ಲಿ ಅದನ್ನು ಕಿತ್ತುಹಾಕಿದ ಹಾಗೆ ತೋರಿಸಬೇಕು. ಮೇಡಂಗೆ ಅದು ಇಷ್ಟ."

ನನಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗುತ್ತಾ? ಪೆನ್ನು ಕಿತ್ತುಕೊಂಡು ನಾನೇ ಬರೆದುಕೊಟ್ಟೆ. ಯಜಮಾನರು, ಕೊಡೆ, ಕರೆಂಟು, ದಿಂಬು, ಗವಸು, ಎಲ್ಲ ಒಂದೂವರೆ ಪುಟ. ಶ್ರದ್ಧಾಂಜಲಿಯವರನ್ನೂ ಮರೆಯದೆ ಕರೆದು ಕೂರಿಸಿದೆ. ಹೊಡೆದುಹಾಕುವುದಕ್ಕೇ ಆದರೂ ಒಂದು ಸಲ ಯಾರಾದರೂ ಕನ್ನಡ ಅಧ್ಯಾಪಕರ ಕಣ್ಣಿಗೆ ಬೀಳಲಿ ಅಂತ.

ಹುಡುಗ ಪೂರ್ತಿ ಓದಿದ. ಒಂದು ಸಲವೂ ನಗಲಿಲ್ಲ. ಹಾಳೆಯನ್ನು ಮೆಲ್ಲಗೆ ನನ್ನ ಕಡೆಗೇ ತಳ್ಳಿದ.

"ಬೇಡ ಮಾವ. ನಂಬೋ ಹಾಗಿರಬೇಕು. ವೇಸ್ಟ್ ಅಂದ್ರೂ ಇಷ್ಟೊಂದು ಯಾರೂ ಬರೆಯಲ್ಲ."