ಮಡಿ ಹೆಡ್‌ಸೆಟ್ ಇದೆಯಾ ಮೇಡಂ?

ಮಗಳ ಶಾಲೆಯಿಂದ ಒಂದು ಒಪ್ಪಿಗೆ ಪತ್ರ ಬಂತು. ಐದನೇ ಕ್ಲಾಸಿನ ಮಕ್ಕಳಿಗೆ ಇನ್ನು ಮುಂದೆ ವಾರಕ್ಕೊಂದು ಪೀರಿಯಡ್ 'ಸರ್ವಧರ್ಮ ದರ್ಶನ'. ಪುಸ್ತಕ ಇಲ್ಲ, ಕಥೆ ಇಲ್ಲ. ಕಣ್ಣಿಗೆ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ ಕಟ್ಟಿಕೊಂಡು ಕೂತಲ್ಲೇ ಕಾಶಿ, ಮೆಕ್ಕಾ, ವ್ಯಾಟಿಕನ್, ಅಮೃತಸರ. ಪತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ಹೀಗಿತ್ತು: "ತಲೆಸುತ್ತು, ವಾಂತಿ, ಧಾರ್ಮಿಕ ಭಾವನೆಗೆ ಧಕ್ಕೆ ಇತ್ಯಾದಿಗಳಿಗೆ ಶಾಲೆ ಹೊಣೆಯಲ್ಲ."

ಮೂರನ್ನೂ ಒಂದೇ ಸಾಲಿಗೆ ಸೇರಿಸಿದ ಪುಣ್ಯಾತ್ಮರಿಗೆ ಕೈ ಮುಗಿಯಬೇಕು. ಈಚೆಗೆ ಅವು ಬರುವುದೂ ಒಟ್ಟಿಗೇ ಅಲ್ವಾ.

ಶಾಲೆಯ ಹೆಸರು ಬೇಡ. ಬೆಂಗಳೂರಿನ ಎಷ್ಟೋ ಶಾಲೆಗಳ ಹಾಗೆ ಇದಕ್ಕೂ 'ಇಂಟರ್‌ನ್ಯಾಷನಲ್' ಅನ್ನುವ ಬಾಲ ಇದೆ. ಎಡಕ್ಕೆ ಗಣಪತಿ ಗುಡಿ. ಹಿಂದಿನ ಗೋಡೆಗೆ ಅಂಟಿಕೊಂಡೇ ಮಸೀದಿ. ಗೇಟು ದಾಟಿ ಎರಡು ನಿಮಿಷ ನಡೆದರೆ ಚರ್ಚು. ಮೂರಕ್ಕೂ ಟಿಕೆಟ್ ಇಲ್ಲ, ಚಾರ್ಜರ್ ಬೇಡ.

"ಮಕ್ಕಳನ್ನು ಒಂದು ದಿನ ಸುಮ್ನೆ ನಡೆಸಿಕೊಂಡು ಹೋಗಿ ತೋರಿಸಬಹುದಲ್ವಾ?" ಎಂದು ಪೋಷಕರ ಸಭೆಯಲ್ಲಿ ಕೇಳಿದೆ. ಪ್ಲಗ್ಗಿನೊಳಗೆ ಬೆರಳು ಇಡಲು ಹೊರಟ ಕೂಸನ್ನು ನೋಡುವ ಹಾಗೆ ಪ್ರಿನ್ಸಿಪಾಲ್ ಮೇಡಂ ನನ್ನನ್ನು ನೋಡಿದರು. "ಪೇಪರ್ ಓದಲ್ವಾ ಸರ್?" ಎಂದರು. ಓದುತ್ತೇನೆ. 2023ರ ಸೆಪ್ಟೆಂಬರ್‌ನಲ್ಲಿ ಗೋವಾದ ಒಬ್ಬ ಪ್ರಿನ್ಸಿಪಾಲರು ವಿದ್ಯಾರ್ಥಿಗಳನ್ನು ಮಸೀದಿ ನೋಡಲು ಕಳಿಸಿ ಅಮಾನತಾದರು. ಹೆಡ್‌ಸೆಟ್ ತೊಡಿಸಿ ಕಳಿಸಿದ್ದರೆ ಶಾಲು, ಹಾರ, ಪ್ರಶಸ್ತಿ ಸಿಗುತ್ತಿತ್ತೋ ಏನೋ. ಮೇಡಂ ಲೆಕ್ಕ ಸರಿಯಾಗೇ ಇದೆ. ಗೋಡೆಯಾಚೆಗೆ ನಡೆದು ಹೋಗುವುದಕ್ಕಿಂತ ಇಂಟರ್‌ನೆಟ್ ಮೇಲೆ ಸೌದಿಗೆ ಹೋಗಿ ಬರುವುದು ಸೇಫು.

ಕಾನೂನು ಅಡ್ಡ ಬರುತ್ತದೆಯೇ? ಪೂರ್ತಿ ಸರ್ಕಾರಿ ದುಡ್ಡಿನಲ್ಲಿ ನಡೆಯುವ ಶಾಲೆಗಳಲ್ಲಿ ಧರ್ಮಬೋಧನೆ ಕೂಡದು ಎನ್ನುತ್ತದೆ ಸಂವಿಧಾನದ 28ನೇ ವಿಧಿ. ಆದರೆ ಧರ್ಮ ಕಲಿಸುವುದು ಬೇರೆ, ಧರ್ಮಗಳ ಬಗ್ಗೆ ಕಲಿಸುವುದು ಬೇರೆ ಎಂದು ಶಿಕ್ಷಣದ ಬಗ್ಗೆ ಕೇಂದ್ರ ಸರ್ಕಾರ ನೇಮಿಸಿದ್ದ 1964-66ರ ಕೊಠಾರಿ ಆಯೋಗವೇ ಗೆರೆ ಎಳೆದಿತ್ತು. 2002ರಲ್ಲಿ ಶಾಲಾ ಪಠ್ಯಕ್ರಮವನ್ನು ಪ್ರಶ್ನಿಸಿದ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಎರಡನೆಯದಕ್ಕೆ ಅಡ್ಡಿಯಿಲ್ಲ ಎಂದಿತು. ಬಾಗಿಲು ಯಾವತ್ತೋ ತೆರೆದಿದೆ. ಒಳಗೆ ಕಾಲಿಡುವ ಎದೆಗಾರಿಕೆಯ ಮೇಷ್ಟ್ರು ಸಿಗುತ್ತಿರಲಿಲ್ಲ, ಅಷ್ಟೇ. ಈಗ ಯಂತ್ರ ಸಿಕ್ಕಿದೆ. ಯಂತ್ರವನ್ನು ಅಮಾನತು ಮಾಡುವುದು ಹೇಗೆ ಹೇಳಿ?

ಕಂಪನಿಯ ಹುಡುಗ ಡೆಮೊ ಶುರು ಮಾಡಿದ. ಪರದೆಯ ಮೇಲೆ ಮೆನು ಬಂತು. ಇಂಗ್ಲಿಷ್ ಅಕ್ಷರಗಳ ಪ್ರಕಾರ ಬೌದ್ಧ, ಕ್ರೈಸ್ತ, ಹಿಂದೂ, ಇಸ್ಲಾಂ, ಜೈನ, ಸಿಖ್. ಹಿಂದಿನ ಸಾಲಿನಿಂದ ಒಬ್ಬರು ಎದ್ದರು. "ನಮ್ದು ಯಾಕ್ರೀ ಮೂರನೇದು?" ಹುಡುಗ ಅಕ್ಷರಮಾಲೆ ಸರ್ ಎಂದ. ಮುಂದಿನ ಸಾಲಿನಲ್ಲಿದ್ದ ಕನ್ನಡಾಭಿಮಾನಿಗೆ ಇದೇ ಸಾಕಾಯಿತು. "ಇಲ್ಲೂ ಇಂಗ್ಲಿಷಾ? ಕನ್ನಡ ಅಕ್ಷರಮಾಲೆ ಪ್ರಕಾರ ಹಾಕ್ರೀ!" ಎಂದರು. ಭರ್ಜರಿ ಚಪ್ಪಾಳೆ. ಹುಡುಗ ಭಾಷೆ ಬದಲಿಸಿದ. ಇಸ್ಲಾಂ ಮೊದಲನೇದಾಗಿ ಬಂದು ಕೂತಿತು. ಹಿಂದೂ ಕಟ್ಟಕಡೆಗೆ ಹೋಯಿತು. ಚಪ್ಪಾಳೆ ಅರ್ಧಕ್ಕೇ ನಿಂತಿತು. "ಇಂಗ್ಲಿಷೇ ಇರಲಿ ಬಿಡಿ, ಮಕ್ಕಳ ಭವಿಷ್ಯ ಮುಖ್ಯ" ಎಂದು ಅಭಿಮಾನಿಗಳು ಕೂತುಕೊಂಡರು.

ಆಮೇಲೆ ಇನ್ನೊಬ್ಬರು. "ಲಿಂಗಾಯತರು ಹಿಂದೂ ಬಟನ್ ಒಳಗೆ ಬರ್ತೀವಾ, ನಮಗೆ ಬೇರೆ ಬಟನ್ ಇದೆಯಾ?" ಪಕ್ಕದವರು "ಒಳಗೇ" ಎಂದರು. ಅವರ ಪಕ್ಕದವರು "ಬೇರೇನೇ" ಎಂದರು. ಇಬ್ಬರೂ ಲಿಂಗಾಯತರೇ. 2018ರಲ್ಲಿ ಬೆಂಗಳೂರಿನಿಂದ ದೆಹಲಿಗೆ ಪ್ರತ್ಯೇಕ ಧರ್ಮದ ಶಿಫಾರಸು ಹೋಗಿಯೂ ಬಗೆಹರಿಯದ ಪ್ರಶ್ನೆ ಇದು. ಹೋದ ತಿಂಗಳು ಕೆಲಸಕ್ಕೆ ಸೇರಿದ ಹುಡುಗ ಏನು ಹೇಳಬೇಕು? "ಮುಂದಿನ ಅಪ್‌ಡೇಟ್‌ನಲ್ಲಿ ನೋಡ್ತೀವಿ ಸರ್" ಎಂದ. ಇವನು ರಾಜಕೀಯಕ್ಕೆ ಬರಬೇಕಿತ್ತು. 2022ರಲ್ಲಿ ಪಠ್ಯಪುಸ್ತಕದಲ್ಲಿ ಬಸವಣ್ಣನ ಬಗ್ಗೆ ಬರೆದ ಕೆಲವು ಸಾಲಿಗೇ ಮಠಾಧೀಶರು ಸಿಟ್ಟಾದರು, ಆ ಗದ್ದಲದ ನಡುವೆ ಪರಿಷ್ಕರಣೆ ಸಮಿತಿಯೇ ವಿಸರ್ಜನೆಯಾಯಿತು. ಅದು ಚಪ್ಪಟೆ ಹಾಳೆ. ಇನ್ನು ಬಸವಣ್ಣ 360 ಡಿಗ್ರಿಯಲ್ಲಿ ಬಂದರೆ ಎಷ್ಟು ದಿಕ್ಕಿನಿಂದ ಜಗಳ ಬರಬಹುದು, ಲೆಕ್ಕ ಹಾಕಿ.

ನನಗೂ ಒಂದು ಪ್ರಶ್ನೆ ಇತ್ತು. ಬೆಂಗಳೂರಿನ ಕರಗ ಪ್ರತಿ ಚೈತ್ರ ಹುಣ್ಣಿಮೆಗೆ ಹೊರಟು ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿ ಬರುತ್ತದೆ. "ಇದು ಯಾವ ಬಟನ್ ಒಳಗೆ ಬರುತ್ತಪ್ಪಾ?" ಎಂದೆ. ಹುಡುಗ ತಲೆ ಕೆರೆದುಕೊಂಡ. "ಅದು ಕಲ್ಚರ್ ಸರ್. ಆ ಪ್ಯಾಕೇಜ್ ಬೇರೆ. ಎಕ್ಸ್‌ಟ್ರಾ ಆಗುತ್ತೆ."

ಹೆಡ್‌ಸೆಟ್ ಕೈಗೆ ಬಂತು. ಅರ್ಧ ಕೆಜಿ ತೂಕ. ಕ್ವೆಸ್ಟ್ ಹೆಡ್‌ಸೆಟ್ ಮಾಡುವ ಮೆಟಾ ಕಂಪನಿ 13 ವರ್ಷ ತುಂಬದವರು ಮುಟ್ಟಬಾರದು ಎನ್ನುತ್ತಿತ್ತು. 2023ರಲ್ಲಿ ಅದನ್ನು 10ಕ್ಕೆ ಇಳಿಸಿತು, ಅದೂ ಅಪ್ಪ ಅಮ್ಮ ಕಣ್ಣಿಟ್ಟಿರುವ ಖಾತೆ ಇದ್ದರೆ. ನಮ್ಮ ಶಾಲೆಯ ಬ್ರೋಷರಿನಲ್ಲಿ ಯುಕೆಜಿ ಮಗು ಅದನ್ನು ಹಾಕಿಕೊಂಡು ನಗುತ್ತಿದೆ. ಧ್ರುವ ಐದನೇ ವಯಸ್ಸಿಗೇ ದೇವರನ್ನು ಕಂಡಿದ್ದನಲ್ಲ, ಇರಲಿ.

ಮಕ್ಕಳು ನಲವತ್ತು, ಹೆಡ್‌ಸೆಟ್ ಎಂಟು. ಹಿಂದಿನ ವಾರ ಬೇರೆ ಸೆಕ್ಷನ್ನಿನ ಮಕ್ಕಳು ಹಾಕಿದ್ದರಂತೆ. ಮುಖಕ್ಕೆ ಒತ್ತುವ ಸ್ಪಂಜಿನ ಮೇಲೆ ಕೊಬ್ಬರಿ ಎಣ್ಣೆ, ವಿಭೂತಿ, ಕುಂಕುಮ, ಯಾರದೋ ಅತ್ತರಿನ ವಾಸನೆ. ಇಡೀ ಯೋಜನೆಯಲ್ಲಿ ಸರ್ವಧರ್ಮ ಸಮನ್ವಯ ನಿಜವಾಗಿ ಆಗಿದ್ದು ಆ ಸ್ಪಂಜಿನ ಮೇಲೆ. ಜೊತೆಗೆ ಹೇನುಗಳಲ್ಲಿ. ಅವು ಮೊದಲಿಂದಲೂ ಜಾತಿ ಕೇಳಿ ತಲೆ ಹತ್ತಿದ್ದಿಲ್ಲ.

ಅಷ್ಟರಲ್ಲಿ ಒಬ್ಬ ತಾಯಿ ಮೆಲ್ಲಗೆ ಕೇಳಿದರು. "ಎಲ್ಲರಿಗೂ ಇದೇನಾ? ಮಡಿ ಹೆಡ್‌ಸೆಟ್ ಇದೆಯಾ ಮೇಡಂ? ದುಡ್ಡು ಜಾಸ್ತಿಯಾದ್ರೂ ಪರವಾಗಿಲ್ಲ."

ಮೇಡಂ ಇಲ್ಲ ಎನ್ನಲಿಲ್ಲ. ಡೈರಿ ತೆಗೆದು ಬರೆದುಕೊಂಡರು.

ನಾನು ಹೆಡ್‌ಸೆಟ್ ಹಾಕಿಕೊಂಡೆ. ಮೊದಲು ಶ್ರವಣಬೆಳಗೊಳ. ಚಿಕ್ಕವನಿದ್ದಾಗ ಬರಿಗಾಲಲ್ಲಿ, ಸುಡುವ ಬಂಡೆಯ ಮೇಲೆ, 600ಕ್ಕೂ ಜಾಸ್ತಿ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಗೊಮ್ಮಟನ ಮುಂದೆ ನಿಂತಿದ್ದೆ. ಎಲ್ಲ ಬಿಟ್ಟು ನಿಂತವನನ್ನು ನೋಡುವ ಮೊದಲು ಚಪ್ಪಲಿಯನ್ನಾದರೂ ಬಿಡಬೇಕು ಎಂದು ಅಜ್ಜಿ ಹೇಳಿದ್ದರು. ಈಗ ಹೆಬ್ಬೆರಳು ಒತ್ತಿದೆ, ಗೊಮ್ಮಟ ಎದುರಿಗೆ. ಶೂ ಕಾಲಲ್ಲೇ ಇತ್ತು. ಆಮೇಲೆ ಒಂದು ದೇವಸ್ಥಾನ. "ಇನ್ನೂ ಮುಂದೆ ಹೋಗಿ ಸರ್, ಗರ್ಭಗುಡಿ ಒಳಗೇ ಹೋಗಬಹುದು. ಯಾರೂ ತಡೆಯಲ್ಲ" ಎಂದ ಹುಡುಗ.

ಆ ಮಾತಿಗೆ ಕೊಪ್ಪಳ ಜಿಲ್ಲೆಯ ಮಿಯಾಪುರ ನೆನಪಾಯಿತು. 2021ರ ಸೆಪ್ಟೆಂಬರ್. ಎರಡು ವರ್ಷದ ದಲಿತ ಮಗು ತನ್ನ ಹುಟ್ಟುಹಬ್ಬದ ದಿನ ಆಂಜನೇಯನ ಗುಡಿಯೊಳಗೆ ಓಡಿತು. ಗುಡಿ ಶುದ್ಧ ಮಾಡಿಸಲು 25,000 ರೂಪಾಯಿ ಕಟ್ಟು ಎಂದರು ಅಪ್ಪನಿಗೆ. ಮರುವರ್ಷ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನಲ್ಲಿ ಉತ್ಸವದ ದೇವರ ಕೋಲು ಮುಟ್ಟಿದ ಹುಡುಗನ ಮನೆಯವರಿಗೆ 60,000 ದಂಡ. ಹೆಡ್‌ಸೆಟ್ಟಿನ ಗುಡಿಯಲ್ಲಿ ಎಲ್ಲಾ ಇತ್ತು. ದೀಪ, ಗಂಟೆ, ಹೊಗೆ, ಕಲ್ಲಿನ ಮೇಲಿನ ಪಾಚಿ ಕೂಡ. ಆ ರಸೀದಿ ಮಾತ್ರ ಕಾಣಲಿಲ್ಲ. ಕೇಳಿದೆ. "ಅದು ಸಿಲಬಸ್‌ನಲ್ಲಿ ಬರಲ್ಲ ಸರ್."

ನಮ್ಮೂರ ಜಾತ್ರೆಗೆ ಬಯಾಸ್ಕೋಪ್ ಪೆಟ್ಟಿಗೆಯವನು ಬರುತ್ತಿದ್ದ. ನಾಲ್ಕಾಣೆ ಕೊಟ್ಟು ತೂತಿಗೆ ಕಣ್ಣಿಟ್ಟರೆ ಕಾಶಿ, ತಿರುಪತಿ, ತಾಜಮಹಲು ಎಲ್ಲ ಒಂದೇ ಸಾಲಿನಲ್ಲಿ. "ಬೇಗ ನೋಡು, ಹಿಂದಿನವರು ಕಾಯ್ತಾವ್ರೆ" ಎಂದು ಬೆನ್ನಿಗೆ ತಟ್ಟುತ್ತಿದ್ದ. ಇಲ್ಲೂ ಅಷ್ಟೇ, ಮಗುವಿಗೆ ನಾಲ್ಕು ನಿಮಿಷ. ಅವನು ಒಪ್ಪಿಗೆ ಪತ್ರ ಕೇಳುತ್ತಿರಲಿಲ್ಲ, ವರ್ಷಕ್ಕಿಷ್ಟು ಎಂದು ಟೆಕ್ನಾಲಜಿ ಫೀ ಹಾಕುತ್ತಿರಲಿಲ್ಲ. ಮುಂದಿನ ವರ್ಷ ಬರುತ್ತಿದ್ದ ಕೂಡ. ಗೂಗಲ್‌ನಂಥ ಗೂಗಲ್ಲೇ ಶಾಲೆಗಳಿಗೆಂದು ಮಾಡಿದ್ದ, ವಿಆರ್‌ನಲ್ಲಿ ಊರು ಸುತ್ತಿಸುವ ಎಕ್ಸ್‌ಪೆಡಿಷನ್ಸ್ ಆ್ಯಪನ್ನು 2021ರಲ್ಲಿ ಮುಚ್ಚಿ ಎದ್ದು ಹೋಯಿತು. ನಮ್ಮ ಶಾಲೆಯ ಕಂಪನಿ ಎಷ್ಟು ದಿನ ಇರುತ್ತದೋ, ಆ ಆರು ಬಟನ್ನಿನೊಳಗಿನ ದೇವರೇ ಬಲ್ಲ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೆ. ಫೀ ಅದಾಗಲೇ ಕಟ್ಟಿಸಿಕೊಂಡಿದ್ದರು.

ಮೊದಲ ಕ್ಲಾಸು ಮುಗಿಸಿ ಮಗಳು ಕುಣಿಯುತ್ತಾ ಬಂದಳು. ಲೆವೆಲ್ 2 ಮುಗಿದಿದೆ, ಒಂದು ಬ್ಯಾಡ್ಜ್ ಬಂದಿದೆ, ಪಕ್ಕದ ಹುಡುಗ ಗಂಗಾ ಆರತಿಯಲ್ಲಿ ವಾಂತಿ ಮಾಡಿಕೊಂಡಿದ್ದಾನೆ. "ಮಸೀದಿ ನೋಡಿದ್ಯಾ?" ಎಂದು ಕೇಳಿದೆ.

"ಲಾಸ್ಟಲ್ಲಿ ತೋರಿಸಿದ್ರು. ಆದ್ರೆ ಮಧ್ಯಾಹ್ನ ಆಗೋಗಿತ್ತಲ್ಲಪ್ಪಾ, ಹಿಂದಿನ ಮಸೀದಿಯವರು ಆಜಾನ್ ಶುರು ಮಾಡಿಬಿಟ್ರು. ಹೆಡ್‌ಸೆಟ್ಟಿನ ಆಜಾನ್ ಕೇಳಿಸ್ತಾನೇ ಇರಲಿಲ್ಲ. ಮಿಸ್ ಎದ್ದು ಹೋಗಿ ಕಿಟಕಿ ಹಾಕಿದ್ರು."