ಒಂದೂವರೆ ಅಡಿ ಗಣಿ

ನಿನ್ನೆ ಸಂಜೆ ರಾಬರ್ಟ್‌ಸನ್‌ಪೇಟೆ ಮೇನ್ ರೋಡಿನಲ್ಲಿ ಬಿದ್ದೆ. ಮೊಣಕಾಲು ಇನ್ನೂ ಉರೀತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಹೋಗಿದ್ದು ಕುಕ್ಕರ್ ಗ್ಯಾಸ್ಕೆಟ್ ತರೋಕೆ. ವಾರವೆಲ್ಲ ಕತ್ತಲಲ್ಲೇ ಎದ್ದು ಬೆಂಗಳೂರಿನ ರೈಲು ಹತ್ತಿ, ಕತ್ತಲಲ್ಲೇ ವಾಪಸ್ ಬರುವ ಕೆಜಿಎಫ್ ಮಂದಿಗೆ ಪೇಟೆ ಕೆಲಸಕ್ಕೆ ಇರೋದು ಭಾನುವಾರ ಒಂದೇ, ಅಲ್ವಾ? ಸ್ಕೂಟರ್ ತೆಗೆಯುವಷ್ಟರಲ್ಲಿ ಮಾವ ಹಿಂದೆ ಹತ್ತಿ ಕೂತರು. ಚಾಂಪಿಯನ್ ರೀಫ್ ಗಣಿಯಲ್ಲಿ 3 ಕಿಲೋಮೀಟರ್ ಕೆಳಗೆ ಇಳಿದು ದುಡಿದವರು. ಈಗಲೂ ಬಾವಿ ಕಂಡರೆ ಬಗ್ಗಿ ಆಳ ನೋಡುತ್ತಾರೆ. ಸಾರಿನ ಪಾತ್ರೆ ಕಂಡರೂ ಅಷ್ಟೇ.

"1902ರಲ್ಲೇ ಶಿವನಸಮುದ್ರದಿಂದ ನಮ್ಮೂರಿಗೆ ಕರೆಂಟು ಬಂತು ಕಣಯ್ಯಾ, ಬೆಂಗಳೂರಿಗೆ ಬಂದಿದ್ದು 1905ಕ್ಕೆ" ಅಂತ ಅವರು ಸಾವಿರದ ಒಂದನೇ ಸಲ ನನ್ನ ಕಿವಿಯಲ್ಲಿ ಹೇಳುತ್ತಿದ್ದಾಗಲೇ, ಬೀದಿದೀಪ ಉರಿಯದ ಜಾಗದಲ್ಲಿ, ಪೈಪಿಗೆಂದು ಯಾರೋ ಅಗೆದು ಹಾಗೇ ಬಿಟ್ಟುಹೋದ ಗುಂಡಿಗೆ ಮುಂದಿನ ಚಕ್ರ ಇಳಿಯಿತು. ನಾನು ಮಣ್ಣಲ್ಲಿ. ಮಾವ ಮಾತ್ರ ಅದು ಹೇಗೋ ನಿಂತೇ ಇದ್ದರು.

ಪೆಟ್ಟಾಯ್ತಾ ಅಂತ ಕೇಳಲಿಲ್ಲ. ಗುಂಡಿಗೆ ಬಗ್ಗಿ, "ಒಂದೂವರೆ ಅಡಿ" ಅಂದರು. ದನಿಯಲ್ಲಿ ತಿರಸ್ಕಾರ.

ಅಷ್ಟರಲ್ಲಿ ಟೀ ಅಂಗಡಿಯಿಂದ ಇನ್ನೂ ಐದು ಜನ ಬಂದರು. ಎಲ್ಲರೂ ಗಣಿಯವರೇ. ಒಬ್ಬರು ಮೊಬೈಲ್ ಟಾರ್ಚ್ ಹಾಕಿ ಒಳಗೆ ಇಣುಕಿದರು. ಇನ್ನೊಬ್ಬರು ಮಣ್ಣು ಹಿಸುಕಿ ನೋಡಿ, "ಸೈಡು ಕುಸಿಯುತ್ತೆ, ಟಿಂಬರ್ ಕೊಡಬೇಕು" ಅಂದರು. ನಿಜಕ್ಕೂ ಹಣ್ಣಿನ ಅಂಗಡಿಯಿಂದ ಎರಡು ಹಲಗೆ ಬಂತು! ನಾನೊಬ್ಬನೇ ಎಳೆದರೆ ಎರಡು ನಿಮಿಷದಲ್ಲಿ ಮೇಲೆ ಬರುವ ಸ್ಕೂಟರ್. ಮುಟ್ಟೋಕೆ ಹೋದರೆ "ದೂರ ನಿಲ್ಲು, ಅನುಭವ ಇಲ್ಲದವನು" ಅಂತ ಗದರಿದರು. ಹಿಂದೆ ಆಟೋ ಸಾಲು ಬೆಳೀತಾ ಇತ್ತು. ಮಾವ ಹಾರ್ನ್ ಒತ್ತಿ, ಗಣಿಗೆ ಜನರನ್ನು ಇಳಿಸಿ ಹತ್ತಿಸುವ ಕೇಜಿಗೆ ಬೆಲ್ ಕೊಟ್ಟ ಹಾಗೆ ಸಿಗ್ನಲ್ ಕೊಟ್ಟರು. "ತೂಕು, ತೂಕು" ಅಂತ ತಮಿಳಲ್ಲಿ ಕೂಗುತ್ತಾ ಎಲ್ಲರೂ ಒಟ್ಟಿಗೆ ಎತ್ತಿದರು. ಆಟೋದವರೇ ಚಪ್ಪಾಳೆ ತಟ್ಟಿಬಿಟ್ಟರು.

ಸ್ಕೂಟರ್ ಮೇಲೆ ಬಂದರೂ ಯಾರೂ ಕದಲಲಿಲ್ಲ. ಗುಂಡಿ ಸುತ್ತ ಸುಮ್ಮನೆ ನಿಂತರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಈ ಆರು ಜನ ಒಟ್ಟಿಗೆ ಯಾವುದಾದರೂ ಕೆಲಸ ಮಾಡಿದ್ದನ್ನು ನಾನಂತೂ ನೋಡಿರಲಿಲ್ಲ. ಮಾವ ಕೈಯ ಮಣ್ಣನ್ನು ಒರೆಸಿಕೊಳ್ಳಲೇ ಇಲ್ಲ.

ಆಮೇಲೆ "ಶಿಫ್ಟ್ ಮುಗೀತು" ಅಂದರು. ಏಳು ಟೀ, ದುಡ್ಡು ನನ್ನದು. ಗ್ಯಾಸ್ಕೆಟ್ ಅಂಗಡಿ ಬಾಗಿಲು ಹಾಕಿತ್ತು.

ಮನೆಯಲ್ಲಿ ಇವತ್ತೂ ಪಾತ್ರೆಯಲ್ಲೇ ಬೇಳೆ ಬೇಯ್ತಾ ಇದೆ. ಬೆಳಿಗ್ಗೆ ಮಾವ ಒಂದು ರೌಂಡ್ ಹೋಗಿ ಬಂದು, ಗುಂಡಿ ಈಗ ಎರಡಡಿ ಆಗಿದೆ ಅಂತ ಖುಷಿಯಿಂದ ಹೇಳಿದರು.