ಟೈರಿಗೆ ಮಡಿ, ರಸ್ತೆಗೆ ವಿನಾಯಿತಿ

ಕಾರಿನ ಟೈರು ಉರುಳುವಾಗ ಎಷ್ಟು ಸದ್ದು ಮಾಡುತ್ತದೆಂದು ಅಳೆಯುವ ವಿಧಿಯನ್ನು ಓದಿದರೆ, ಏಕಾದಶಿಯ ಮಡಿ ಅಡುಗೆಮನೆಯೂ ತನ್ನ ಶಿಸ್ತು ಸಾಲದೆಂದು ನಾಚಿಕೊಳ್ಳಬೇಕು. ವಿಶ್ವಸಂಸ್ಥೆಯ 117ನೇ ನಿಯಮಾವಳಿಯ ಪ್ರಕಾರ ಮೈಕ್ರೋಫೋನು ಕಾರಿನ ಹಾದಿಯ ನಡುಗೆರೆಯಿಂದ 7.5 ಮೀಟರ್ ದೂರದಲ್ಲಿ, ನೆಲದಿಂದ 1.2 ಮೀಟರ್ ಎತ್ತರದಲ್ಲಿರಬೇಕು. ಸುತ್ತ 50 ಮೀಟರ್ ಒಳಗೆ ಗೋಡೆ, ಬಂಡೆ, ಕಟ್ಟಡಗಳ ನೆರಳೂ ಬೀಳಕೂಡದು. ಗಾಳಿ ಸೆಕೆಂಡಿಗೆ 5 ಮೀಟರ್ ಮೀರಿ ಬೀಸಕೂಡದು. ಸುತ್ತಣ ಗದ್ದಲವು ಟೈರಿನ ಸದ್ದಿಗಿಂತ ಕನಿಷ್ಠ 10 ಡೆಸಿಬೆಲ್ ತಗ್ಗಿರಬೇಕು. ಇಷ್ಟೆಲ್ಲ ಕೂಡಿಬಂದ ಮೇಲೆ, ಸಣ್ಣ ಜಲ್ಲಿಯ ನುಣುಪು ಡಾಂಬರಿನ ಮೇಲೆ, ಎಂಜಿನ್ ಆರಿಸಿದ ಕಾರು ಗಂಟೆಗೆ 80 ಕಿ.ಮೀ. ಆಸುಪಾಸಿನ ವೇಗದಲ್ಲಿ ಮೈಕ್ರೋಫೋನಿನ ಮುಂದೆ ತಂತಾನೇ ಸಾಗುತ್ತದೆ. ಉಪಕರಣಗಳು ತಪ್ಪಿರಬಹುದೆಂಬ ಕರುಣೆಯಿಂದ, ಬಂದ ಅಂಕಿಯಲ್ಲಿ 1 ಡೆಸಿಬೆಲ್ ಕಳೆದು, ದಶಮಾಂಶವನ್ನೂ ಕೈಬಿಡಲಾಗುತ್ತದೆ. 72.9 ಬಂದರೆ ದಾಖಲಾಗುವುದು 71. (ವಿದ್ಯುತ್ ಮೀಟರ್ ಓದುವವರಿಗೆ ಈ ಔದಾರ್ಯವನ್ನು ಯಾರೂ ಕಲಿಸಿದಂತಿಲ್ಲ.)

ನಮ್ಮ ದೇಶದ ವಾಹನೋದ್ಯಮದ ಎಐಎಸ್-142 ಮಾನದಂಡವೂ ಇದೇ ಜಾಡಿನದು. ಟೈರಿಗೆ ಹೀಗೆ ಪ್ರಮಾಣಪತ್ರ ಸಿಕ್ಕಿತು. ಆದರೆ ಆ ಸದ್ದು ಹುಟ್ಟುವುದು ಟೈರಿನ ಹೊರಮೈಯ ಅಚ್ಚುಗಳು ರಸ್ತೆಯ ಮೈಗೆ ಬಡಿದಾಗ, ಅಚ್ಚುಗಳ ಸಂದಿನಲ್ಲಿ ಸಿಕ್ಕಿದ ಗಾಳಿ ಹಿಸುಕಿಸಿಕೊಂಡು ಹೊರಬಿದ್ದಾಗ. ಅಂದರೆ ಅಪರಾಧದಲ್ಲಿ ರಸ್ತೆಯೂ ಪಾಲುದಾರ. ಬೆಂಗಳೂರಿನಲ್ಲಿ ಹಳೆಯ ಡಾಂಬರಿಗೆ ಹೊದಿಸಿದ ವೈಟ್ ಟಾಪಿಂಗ್ ಕಾಂಕ್ರೀಟಿನ ಮೇಲೆ, ಚಕ್ರ ಜಾರದಿರಲೆಂದು ಅಡ್ಡಡ್ಡಲಾಗಿ ಗೀರಿದ ಗೆರೆಗಳ ಮೇಲೆ, ಅದೇ ಪ್ರಮಾಣಿತ ಟೈರು ತಂಬೂರಿಯಂತೆ ಮೊರೆಯುತ್ತದೆ. ಗುತ್ತಿಗೆದಾರರ ಕಾಂಕ್ರೀಟಿನ ದಪ್ಪವನ್ನು ಅಳೆಯುತ್ತಾರೆ, ಗಟ್ಟಿತನ ತಿಳಿಯಲು ಅದರ ಘನಾಕಾರದ ತುಂಡನ್ನು ಒತ್ತಿ ಒಡೆಯುವ ಕ್ಯೂಬ್ ಟೆಸ್ಟ್ ಮಾಡುತ್ತಾರೆ; ಆ ರಸ್ತೆ ಎಷ್ಟು ಮೊರೆಯುತ್ತದೆಂದು ಕೇಳುವುದು ಮಾತ್ರ ಯಾರ ಕಡತದಲ್ಲೂ ಇಲ್ಲ.

ಇತ್ತ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ಆಸ್ಪತ್ರೆಗಳ ಸುತ್ತಲ ನಿಶ್ಶಬ್ದ ವಲಯಕ್ಕೆ ಹಗಲು 50, ರಾತ್ರಿ 40 ಡೆಸಿಬೆಲ್ ಮಿತಿ ವಿಧಿಸಿವೆ. ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್ ಆಸ್ಪತ್ರೆಯ ಬಳಿ ಅದನ್ನು ಅಳೆಯುವ ಕೇಂದ್ರವೂ ಇದೆ. ಒಂದು ಕಚೇರಿ 71 ಡೆಸಿಬೆಲ್ಲಿನ ಟೈರಿಗೆ ಶಹಬ್ಬಾಸ್ ಎಂದರೆ, ಇನ್ನೊಂದು 50 ದಾಟಬಾರದೆನ್ನುತ್ತದೆ. ಮೊದಲನೆಯದು ಕಾರು ಹಾದುಹೋಗುವ ಕ್ಷಣದ ಗರಿಷ್ಠ, ಎರಡನೆಯದು ಹಗಲಿಡೀ ಸರಾಸರಿ ಎಂದು ತಜ್ಞರು ತಿದ್ದಬಹುದು, ತಿದ್ದಲಿ. ಹೊಸೂರು ರಸ್ತೆಯಲ್ಲಿ ಒಂದೇ ಕಾರು ಹಾದುಹೋಗುವ ಹಗಲು ಯಾವುದೆಂದೂ ಅವರೇ ತಿಳಿಸಲಿ.

ಆದ್ದರಿಂದ ನಗರವನ್ನೇ ಪರೀಕ್ಷಾಪಥಕ್ಕೆ ಒಗ್ಗಿಸುವುದು ಉಚಿತ. ರಸ್ತೆಯ ಇಕ್ಕೆಲಗಳ 50 ಮೀಟರ್ ಒಳಗಿನ ಮನೆಗಳನ್ನು ತೆರವುಗೊಳಿಸಿದರೆ ಸದ್ದು ಪ್ರತಿಫಲಿಸುವುದೂ ಇಲ್ಲ, ಕೇಳಿ ಗೊಣಗುವವರೂ ಇರುವುದಿಲ್ಲ. ತೆರವು ಮುಗಿಯುವವರೆಗೆ ದೂರು ಕೊಡುವ ನಿವಾಸಿಗಳು ಎಂಜಿನ್ ಆರಿಸಿಕೊಂಡು ಬಂದ ವಾಹನಗಳ ಸದ್ದನ್ನಷ್ಟೇ, ಗಾಳಿ ಬೀಸದ ದಿನ ನೋಡಿ, ನೆಲದಿಂದ 1.2 ಮೀಟರ್ ಎತ್ತರಕ್ಕೆ ಕಿವಿಯನ್ನು ಬಗ್ಗಿಸಿ ಆಲಿಸಿ, ಅದರಲ್ಲಿ 1 ಡೆಸಿಬೆಲ್ ಕಳೆದು, ಅರ್ಜಿಯನ್ನು ಮೂರು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು.